ನೋಡೋಣ ಅನ್ನದ ಬೋರಣ್ಣ

ಮೊನ್ನೆ ನನ್ನ ಮೊಮ್ಮಗಳು ಸ್ಕೂಲಿನ ಚಾರ್ಟಿಗೆ ಅಂಟು ಬೇಕು ಅಂತ ಮೈದಾಹಿಟ್ಟು ಕದಡಿ ಒಲೆ ಮೇಲಿಟ್ಟಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಒಳಗೆ ಬಂದು ಪಾತ್ರೆ ಎತ್ತಿ ಬಚ್ಚಲಿಗೆ ಸುರಿದುಬಿಟ್ಟೆ. ಹುಡುಗಿ ಅಳೋದಕ್ಕೆ ಶುರುಮಾಡಿದಳು. "ಅಂಗಡೀಲಿ ಗೋಂದಿನ ಬಾಟ್ಲಿ ಸಿಗಲ್ವೇನೆ?" ಅಂತ ಅವಳನ್ನೇ ಬೈದೆ. ಮಗಳು ಓಡಿಬಂದು, "ಅಮ್ಮ, ನಿಂಗೇನು ಬಂತು? ಮಗು ಏನು ತಪ್ಪು ಮಾಡ್ತು?" ಅಂದಳು. ಮಗುವಿನದೇನೂ ತಪ್ಪಿಲ್ಲ. ಮೈದಾ ಅಂಟು ಕುದಿಯೋ ವಾಸನೆ ನಂಗೆ ಆಗಲ್ಲ, ಅಷ್ಟೇ. ಅರವತ್ತೆರಡನೇ ಇಸವಿ ಎಲೆಕ್ಷನ್ನಿನಲ್ಲಿ ನಜರ್‌ಬಾದಿನ ನಮ್ಮ ವಠಾರದ ಅಂಗಳದಲ್ಲಿ ಹಂಡೆಗಟ್ಟಲೆ ಅಂಟನ್ನ ಕುದಿಸಿದವಳು ನಾನು, ಹುಳು ಹಿಡೀಬಾರದು ಅಂತ ಮೈಲುತುತ್ತ ಬೆರೆಸಿ. ಆ ವರ್ಷ ನಡೆದದ್ದು ನನ್ನ ಮಗಳಿಗೂ ಪೂರ್ತಿ ಗೊತ್ತಿಲ್ಲ. ಅವಳಾಗ ಚಿಕ್ಕವಳು, ಅವಳನ್ನೂ ಅವಳ ತಂಗಿಯನ್ನೂ ನನ್ನ ತಾಯಿ ಮನೆಗೆ ಕಳಿಸಿಬಿಟ್ಟಿದ್ದೆ. ಕೇಳಿದಾಗಲೆಲ್ಲ ಏನೋ ಒಂದು ಹೇಳಿ ಹಾರಿಸಿದ್ದೀನಿ. ಈಗ ವಯಸ್ಸಾಯಿತು, ಬರೆದಿಡ್ತೀನಿ.

ನಮ್ಮೆಜಮಾನ್ರ ಹೆಸರು ಇನ್ನಾಸಪ್ಪ. ಕೆಲಸ ಕೂಗೋದು. ಈಗಿನವರಿಗೆ ನಗು ಬರಬಹುದು, ಆಗ ಅದೊಂದು ಉದ್ಯೋಗ. ಟಾಕೀಸಿಗೆ ಹೊಸ ಸಿನಿಮಾ ಬಂತು ಅಂದರೆ ಜಟಕಾದ ಎರಡೂ ಪಕ್ಕಕ್ಕೆ ಬೋರ್ಡು ಕಟ್ಟಿ, ಮುಂದುಗಡೆ ತಮಟೆಯವನನ್ನ ಕೂರಿಸಿ, ಹಿಂದಿನ ಮೆಟ್ಟಿಲ ಮೇಲೆ ಇವರು ನಿಂತು, ತಗಡಿನ ತುತ್ತೂರಿ ಬಾಯಿಗಿಟ್ಟುಕೊಂಡು ಊರೆಲ್ಲ ಕೂಗಿ ಬರೋರು. ಇನ್ನಾಸಿ ನಜರ್‌ಬಾದಲ್ಲಿ ಕೂಗಿದ್ರೆ ಕೋಟೆ ಗೋಡೆಗೆ ಬಡಿದು ವಾಪಸು ಬರುತ್ತೆ ಅಂತ ಜನ ತಮಾಷೆ ಮಾಡೋರು. ಚರ್ಚಿನಲ್ಲೂ ಅಷ್ಟೇ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಓದೋದು ಇವರೇ. ಒಳಗೆ ಜಾಗ ಸಾಲದೆ ಹೊರಗೆ ಮರದ ಕೆಳಗೆ ಕೂತ ಹೆಂಗಸರಿಗೂ ಒಂದೊಂದಕ್ಷರ ಕೇಳಿಸೋದು. ಮನೆಯಲ್ಲಿ ಮಾತ್ರ ಮಾತೇ ಕಮ್ಮಿ. ನಾನು ಏನಾದರೂ ಜಗಳ ತೆಗೆದರೆ, "ಗಂಟಲು ಅನ್ನ ಹಾಕೋ ಸಾಮಾನು ಕಣೆ, ಮನೇಲಿ ಸವೆಸಬಾರದು" ಅನ್ನೋರು. ಹಾಗಾಗಿ ಜಗಳವನ್ನೆಲ್ಲ ನಾನೊಬ್ಬಳೇ ಆಡಬೇಕಾಗಿತ್ತು. ನಾನು ಲೂರ್ದಮ್ಮ, ಹೇಳಿ ಕೇಳಿ ಹೊಲಿಗೆ ಟೀಚರು, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ದಿನವೆಲ್ಲ ಕಿರುಚಿ ಅಭ್ಯಾಸ. ನಂಗೇನೂ ಕಷ್ಟ ಆಗಲಿಲ್ಲ.

ನಮ್ಮ ಬೀದಿ ಮೂಲೆಯಲ್ಲಿ ಬೋರೇಗೌಡ ಅನ್ನೋರು ಸೌದೆ ಡಿಪೋ ಇಟ್ಟಿದ್ದರು. ಕಡಕೊಳದ ಹತ್ತಿರದ ಹಳ್ಳಿಯವರು, ಒಕ್ಕಲು ಮನೆತನ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎರಡು ಗಾಡಿ ಸೌದೆ ಜೊತೆ ಊರಿಗೆ ಬಂದು, ಇಲ್ಲೇ ಬೇರು ಬಿಟ್ಟರು. ಬೀದಿಯವರೆಲ್ಲ ಬೋರಣ್ಣ ಅನ್ನೋರು. ಮನುಷ್ಯ ಒರಟು, ಆದರೆ ತೂಕದಲ್ಲಿ ಮೋಸ ಇಲ್ಲ. ಹಸಿ ಸೌದೆ ಇದ್ದರೆ, "ಇವತ್ತು ಬ್ಯಾಡ ಕಣಮ್ಮ, ಹೊಗೆ ಕುಡಿದು ಸಾಯ್ತೀಯ, ಸೋಮವಾರ ಬಾ" ಅಂತ ಗಿರಾಕಿಯನ್ನೇ ವಾಪಸು ಕಳಿಸೋರು. ಇಂಥವರು ಮುನಿಸಿಪಾಲಿಟಿ ಎಲೆಕ್ಷನ್ನಿಗೆ ನಿಂತರು. ಇವರ ಪರವಾಗಿ ಕೂಗೋಕೆ ನಮ್ಮೆಜಮಾನ್ರನ್ನ ಕರೆದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೈಸೂರಿನವರಿಗೆ ಬೇಕಾಗಿಲ್ಲ, ಬೇರೆ ಕಡೆಯವರು ಓದಿದರೆ ಇರಲಿ ಅಂತ ಹೇಳ್ತೀನಿ. ನಮ್ಮೂರಲ್ಲಿ ದೊಡ್ಡವರು ಅನ್ನಿಸಿಕೊಂಡವರು ಯಾರೂ ಮುಖಕ್ಕೆ ಹೊಡೆದ ಹಾಗೆ "ಆಗಲ್ಲ" ಅನ್ನಲ್ಲ. ಅದು ಮರ್ಯಾದೆ ಅಲ್ಲ. "ನೋಡೋಣ" ಅಂತಾರೆ. "ಆಗ್ಲಿ, ನೋಡೋಣ", "ನೋಡೋಣ ಬುಡಿ", "ನೋಡೋಣವಂತೆ, ಕಾಫಿ ಕುಡೀರಿ". ಕೇಳೋಕೆ ಹೋದವನು ಕಾಫಿ ಕುಡಿದು, ಕೈಮುಗಿದು, ಮನೆಗೆ ಬಂದು ಹೆಂಡತಿಗೆ "ಆಗಲ್ವಂತೆ" ಅಂತಾನೆ. ಹೇಳಿದವನಿಗೂ ಬೇಜಾರಿಲ್ಲ, ಕೇಳಿದವನಿಗೂ ಬೇಜಾರಿಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮಗೆ ಅದು ರಕ್ತದಲ್ಲೇ ಬಂದುಬಿಟ್ಟಿದೆ.

ಬೋರಣ್ಣನಿಗೆ ಈ ನಾಜೂಕು ಬರುತ್ತಿರಲಿಲ್ಲ. ಓಟು ಕೇಳೋಕೆ ಹೋದಾಗ ನಮ್ಮ ಹಿಂದಿನ ಬೀದಿಯ ಒಬ್ಬ ಮುದುಕಿ, ತನ್ನ ಬಾಗಿಲ ಮುಂದೆ ನಲ್ಲಿ ಹಾಕಿಸಿಕೊಡಪ್ಪ ಅಂದಳಂತೆ. "ಆಗಲ್ಲ ಕಣವ್ವ. ನಿನ್ ಬಾಗ್ಲಿಗೆ ಹಾಕ್ಸಿದ್ರೆ ಮೇಲಿನ ಸಾಲ್ನೋರಿಗೆ ನೀರು ಏರಲ್ಲ. ಬೀದಿ ಮೂಲೆಗೆ ಹಾಕಿಸ್ತೀನಿ, ಅದು ಆಯ್ತದೆ" ಅಂದರಂತೆ ಇವರು. ಮುದುಕಿ ಬಾಯಿಗೆ ಬಂದ ಹಾಗೆ ಬೈದಳು. ನಮ್ಮೆಜಮಾನ್ರು ಮನೆಗೆ ಬಂದು ಊಟ ಮಾಡುತ್ತಾ ಅದನ್ನೇ ನೆನೆಸಿಕೊಂಡು ನಗುತ್ತಾ ಕೂತರು. "ಲೂರ್ದಿ, ಓಟು ಕೇಳೋಕೆ ಬಂದೋನು ಆಗಲ್ಲ ಅಂದಿದ್ದು ಎಲ್ಲಾದ್ರೂ ಕೇಳಿದ್ದೀಯಾ?" ಅಂದರು. ಮಾರನೇ ದಿನ ಜಟಕಾದ ಮೇಲಿಂದ ಅವರು ಕೂಗಿದ್ದು ಇದು:

"ಆಗೋದನ್ನ ಆಗುತ್ತೆ ಅಂತಾರೆ, ಆಗದ್ದನ್ನ ಆಗಲ್ಲ ಅಂತಾರೆ, ನೋಡೋಣ ಅಂತ ಮಾತ್ರ ಅನ್ನಲ್ಲ, ನಮ್ಮ ಬೋರಣ್ಣ!"

ಊರಿಗೆ ಊರೇ ನಕ್ಕಿತು. ನಗುತ್ತಾ ಓಟು ಹಾಕಿತು. ಎದುರಿಗೆ ನಿಂತಿದ್ದವರು ಮೂರು ತಲೆಮಾರಿನಿಂದ ನೋಡೋಣ ಅಂದುಕೊಂಡು ಬಂದ ದೊಡ್ಡ ಮನೆತನದವರು. ಗೆದ್ದ ಮೇಲೆ ಬೀದಿ ಮೂಲೆಗೆ ನಲ್ಲಿ ಬಂತು. ಬೈದ ಮುದುಕಿಯೇ ಮೊದಲ ಕೊಡ ಹಿಡಿದಳು.

ಅದಾದ ಮೇಲೆ ಬೋರಣ್ಣ ನಿಲ್ಲಲಿಲ್ಲ. ಮುಂದಿನ ಎಲೆಕ್ಷನ್ನಿಗೆ ಶಾಸನಸಭೆ. ಅದಕ್ಕೂ ಇದೇ ಜಟಕಾ, ಇದೇ ತುತ್ತೂರಿ, ಇದೇ ಕೂಗು. ಬೋರಣ್ಣ ಹೋಗಿ ಬೋರೇಗೌಡ್ರಾದರು, ಗೌಡ್ರು ಹೋಗಿ ಸಾಹೇಬ್ರಾದರು. ಡಿಪೋ ತಮ್ಮನ ಕೈಗೆ ಬಿಟ್ಟು ಕೃಷ್ಣಮೂರ್ತಿಪುರಂನಲ್ಲಿ ದೊಡ್ಡ ಮನೆ ಮಾಡಿದರು. ಆದರೂ ಮಾತು ಮಾತ್ರ ಹಾಗೇ ಇತ್ತು, ಅದನ್ನ ನಾನು ಇಲ್ಲ ಅನ್ನಲ್ಲ. ನಂಗೆ ಸ್ಕೂಲಿನಲ್ಲಿ ಕೆಲಸ ಕಾಯಂ ಆಗಲಿಲ್ಲ ಅಂತ ಒಂದು ಸಲ ಕೇಳೋಕೆ ಹೋದಾಗ, "ಆಗುತ್ತೆ, ಹೋಗು" ಅಂದರು. ಆಯಿತು. ನನ್ನ ತಮ್ಮನಿಗೆ ರೈಲ್ವೆಯಲ್ಲಿ ಕೆಲಸ ಕೊಡಿಸಿ ಅಂದಾಗ, "ಆಗಲ್ಲ, ಓದೋಕೆ ಹೇಳು ಆ ಕತ್ತೆಗೆ" ಅಂದರು. ಆಗಲಿಲ್ಲ. ಅವರ ಬಾಯಲ್ಲಿ "ಆಗುತ್ತೆ" ಬಂತು ಅಂದರೆ ನಾವು ಮನೆಯಲ್ಲಿ ಮತ್ತೆ ಆ ವಿಷಯ ಎತ್ತುತ್ತಲೇ ಇರಲಿಲ್ಲ.

ಅರವತ್ತೊಂದರ ಕೊನೆಗೆ ಅವರಿಗೆ ಪಾರ್ಲಿಮೆಂಟಿನ ಟಿಕೆಟು ಸಿಕ್ಕಿತು. ಅದೇ ದಸರಾ ಕಳೆದ ಮೇಲೆ ನಮ್ಮೆಜಮಾನ್ರ ದನಿ ಒಡೆಯೋದಕ್ಕೆ ಶುರುವಾಯಿತು.

ಮೊದಮೊದಲು ಶುಂಠಿ, ಜೇಷ್ಠಮಧು, ಬಿಸಿಹಾಲಿಗೆ ಅರಿಶಿನ ಅಂತ ನಾನೇ ಏನೇನೋ ಮಾಡಿದೆ. ಕೆಮ್ಮು ನಿಲ್ಲಲಿಲ್ಲ. ಒಂದು ದಿನ ಅವರ ಟವೆಲ್ಲನ್ನ ಒಗೆಯೋಕೆ ಹಾಕಿದಾಗ ನೀರು ಕೆಂಪಗಾಯಿತು. ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಎದೆಯ ಫೋಟೋ ತೆಗೆದರು, ಗಂಟಲೊಳಗೆ ಕನ್ನಡಿ ಬಿಟ್ಟು ನೋಡಿದರು. ಡಾಕ್ಟರು ವಯಸ್ಸಾದವರು, ಇವರ ಕೂಗು ಕೇಳಿ ಗೊತ್ತಿದ್ದವರು. ನನ್ನನ್ನ ಪಕ್ಕಕ್ಕೆ ಕರೆದು ಹೇಳಿದರು. "ನೋಡಮ್ಮ, ಎದೆಯ ಕ್ಷಯ ಗಂಟಲಿಗೂ ಹತ್ತಿದೆ. ಈಗ ಇದಕ್ಕೆ ಔಷಧಿ ಇದೆ, ಹೆದರಬೇಡಿ. ಆದರೆ ಆಸ್ಪತ್ರೆಯಲ್ಲಿ ಮಲಗಿರಬೇಕು, ದಿನಾ ಸೂಜಿ ಹಾಕಿಸಿಕೊಳ್ಳಬೇಕು, ಮಾತೇ ಆಡಬಾರದು. ಪಿಸುಗುಟ್ಟೋದೂ ಬೇಡ. ಹಾಗೆ ಮಾಡಿದರೆ ಉಳೀತಾರೆ. ಕೂಗೋಕೆ ಹೋದರೆ ನನ್ನ ಕೈಲಿಲ್ಲ."

ನಮ್ಮೂರಿನ ಕ್ಷಯದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಕಾಯುತ್ತಾ ಇದ್ದವರು ಎಷ್ಟೋ ಜನ. ಯಾರಾದರೂ ದೊಡ್ಡವರ ಕೈಯಲ್ಲಿ ಹೇಳಿಸಿ ಅಂದರು. ಮಕ್ಕಳಿಬ್ಬರನ್ನೂ ಅವತ್ತೇ ನನ್ನ ತಾಯಿ ಮನೆಗೆ ಸಾಗಿಸಿದೆ. ಇವರ ತಟ್ಟೆ ಲೋಟ ಬೇರೆ ಮಾಡಿದೆ. ವಠಾರದಲ್ಲಿ ಗಂಟಲು ಕಟ್ಟಿದೆ ಅಂತ ಹೇಳಿದೆ. ಕ್ಷಯ ಅಂದರೆ ಆಗ ಜನ ನಮ್ಮ ನೆರಳನ್ನೂ ದಾಟುತ್ತಿರಲಿಲ್ಲ.

ನಮ್ಮ ಚರ್ಚಿನ ಸ್ವಾಮಿಗಳಿಗೆ ಮಾತ್ರ ನಿಜ ಹೇಳಿದ್ದೆ. ಅವರು ಸುಮ್ಮನೆ ಕೂರಲಿಲ್ಲ. ತಮಿಳು ಸೀಮೆಯ ಬೆಟ್ಟದೂರಿನಲ್ಲಿ ಸಿಸ್ಟರುಗಳು ನಡೆಸೋ ಒಂದು ಆಸ್ಪತ್ರೆಗೆ ಹೇಳಿಕಳಿಸಿ ಒಂದು ಹಾಸಿಗೆ ಹಿಡಿದಿಟ್ಟರು. "ಲೂರ್ದಮ್ಮ, ಕ್ರಿಸ್‌ಮಸ್ಸಿನ ಒಳಗೆ ಹೋಗಿ ಸೇರಿಬಿಡಬೇಕು. ಆಮೇಲೆ ಅದು ಇನ್ನೊಬ್ಬರದು. ಅವರಿಗೂ ಕಾಯೋರು ಬಹಳ ಇದ್ದಾರೆ" ಅಂದರು. ನಾನು ಅಲ್ಲೇ ಮೊಣಕಾಲೂರಿ ಕೃತಜ್ಞತೆ ಹೇಳಿದೆ. ಮನೆಗೆ ಬಂದು ಹೇಳಿದರೆ ಇವರು ಒಪ್ಪಲಿಲ್ಲ. ದೂರದೂರು, ಬರದ ಭಾಷೆ, ಅದಕ್ಕಿಂತ ಹೆಚ್ಚಾಗಿ ಎಲೆಕ್ಷನ್. "ಬೋರಣ್ಣನ್ನ ಈಗ ನಡುನೀರಲ್ಲಿ ಬಿಟ್ಟು ಹೋಗ್ಲಾ? ಇಲ್ಲೇ ಒಂದು ಹಾಸಿಗೆ ಕೊಡಿಸ್ತಾರೆ, ಕೇಳು ಹೋಗು" ಅಂದರು. ತಾವು ಕೇಳೋಕೆ ನಾಚಿಕೆ. ಹತ್ತು ವರ್ಷ ಕೂಗಿದರೂ ತಮಗೆ ಅಂತ ಒಂದು ಸಲವೂ ಕೈಚಾಚಿದವರಲ್ಲ.

ನಾನು ಹೋದೆ. ಕೃಷ್ಣಮೂರ್ತಿಪುರಂನ ಆ ಮನೆಯ ಹಜಾರದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಬಿಳೀ ಟೋಪಿ, ಬಿಳೀ ಪಂಚೆ, ಹಳ್ಳಿ ಕಡೆಯ ಪಟೇಲರುಗಳು, ಕಾಫಿ ಲೋಟಗಳು. ನನ್ನ ಮುಖ ನೋಡಿ ಸಾಹೇಬ್ರು ತಾವೇ ಎದ್ದು ಒಳಗಿನ ಕೋಣೆಗೆ ಕರಕೊಂಡು ಹೋದರು. ಅದಂತೂ ದೊಡ್ಡ ಗುಣ. ನಾನು ಎಲ್ಲ ಹೇಳಿದೆ. ಇಲ್ಲಿ ಹಾಸಿಗೆ ಕೊಡಿಸಿ, ಈ ಸಲ ಕೂಗೋದರಿಂದ ಬಿಟ್ಟುಬಿಡಿ ಅಂದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ಕಿಟಕಿ ಕಡೆ ತಿರುಗಿಕೊಂಡರು. ಆಮೇಲೆ, "ಇವತ್ತೇ ವಿಚಾರಿಸ್ತೀನಿ. ನೋಡೋಣ ಕಣಮ್ಮ" ಅಂದರು.

ಆ ಬಾಯಲ್ಲಿ ಆ ಮಾತು ಅವತ್ತೇ ನಾನು ಮೊದಲು ಕೇಳಿದ್ದು. ಮನೆಗೆ ಹೋಗಲಿಲ್ಲ, ಸೀದಾ ಸ್ವಾಮಿಗಳ ಹತ್ತಿರ ಹೋಗಿ, ಸಿಸ್ಟರುಗಳಿಗೆ ಹೇಳಿಬಿಡಿ, ಬರ್ತೀವಿ ಅಂದೆ. ಮನೆಗೆ ಬಂದು ಟ್ರಂಕಿಗೆ ಬಟ್ಟೆ ಹಾಕೋಕೆ ಶುರುಮಾಡಿದೆ. ಇವರು, "ಏನಂದ್ರು?" ಅಂದರು. "ನೋಡೋಣ ಅಂದ್ರು" ಅಂದೆ. ಇವರ ಮುಖ ಒಂದು ಥರ ಆಯಿತು. "ಬೋರಣ್ಣನಾ? ನೋಡೋಣ ಅಂದ್ರಾ?" "ಹೂಂ, ನಿಮ್ಮ ಬೋರಣ್ಣನೇ" ಅಂದೆ. ನಂಗೆ ಸಿಟ್ಟು ನೆತ್ತಿಗೇರಿತ್ತು. ಇನ್ನೂ ಎರಡು ಮಾತು ಸೇರಿಸಿಯೇ ಅಂದೆ.

ಮಾರನೇ ದಿನ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು, "ನಾನೇ ಹೋಗಿ ಕೇಳ್ಕೊಂಡು ಬರ್ತೀನಿ" ಅಂತ ಹೊರಟರು. ಮಧ್ಯಾಹ್ನ ವಾಪಸು ಬಂದರು. ಮುಖದಲ್ಲಿ ನಗು. "ಆಗುತ್ತೆ ಅಂದ್ರು ಕಣೆ. ನಿನ್ನೆ ಹಜಾರದ ತುಂಬ ಜನ ಇದ್ರಲ್ಲ, ಕ್ಷಯ ಗಿಯ ಅಂತ ಯಾರಾದ್ರೂ ಕೇಳಿಸ್ಕೊಂಡ್ರೆ ಅಂತ ಹಂಗಂದಿದ್ದಂತೆ. ಎಲೆಕ್ಷನ್ ಮುಗಿದ ವಾರಕ್ಕೆ ಹಾಸಿಗೆ. ಗ್ಯಾರಂಟಿ."

"ಕೂಗೋದು?"

"ಈ ಸಲ ಜೀಪಿಗೆ ಮೈಕ್ ಕಟ್ಟಿದ್ದಾರೆ ಕಣೆ. ಮೆತ್ತಗೆ ಹೇಳಿದ್ರೂ ಮೈಲಿ ದೂರ ಕೇಳುತ್ತೆ. ಗಂಟ್ಲಿಗೇನೂ ಶ್ರಮ ಇಲ್ಲ."

ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ಹತ್ತು ವರ್ಷದಲ್ಲಿ ಆ ಮನುಷ್ಯನ "ಆಗುತ್ತೆ" ಒಂದು ಸಲವೂ ಸುಳ್ಳಾಗಿರಲಿಲ್ಲ. ಟ್ರಂಕಿನಿಂದ ಬಟ್ಟೆ ತೆಗೆದಿಟ್ಟೆ. ಸ್ವಾಮಿಗಳಿಗೆ ಹೋಗಿ ಹೇಳಿದೆ. ಅವರು, "ಯೋಚನೆ ಮಾಡಿ ಹೇಳ್ತಾ ಇದ್ದೀರಾ?" ಅಂದರು. "ಸಾಹೇಬ್ರು ಆಗುತ್ತೆ ಅಂದಿದ್ದಾರೆ ಸ್ವಾಮಿ" ಅಂದೆ. ಊರಿನವರೆಲ್ಲರ ಹಾಗೆ ಸ್ವಾಮಿಗಳಿಗೂ ಆ ಮಾತಿನ ಬೆಲೆ ಗೊತ್ತಿತ್ತು. ಸರಿ ಅಂದರು. ಬೆಟ್ಟದ ಮೇಲಿನ ಆ ಹಾಸಿಗೆ ಬೇರೊಬ್ಬರಿಗೆ ಹೋಯಿತು.

ಸಂಕ್ರಾಂತಿ ಆದದ್ದೇ ಪ್ರಚಾರ ಜೋರಾಯಿತು. ಬೆಳಿಗ್ಗೆ ಮಂಜು, ಮಧ್ಯಾಹ್ನ ಸುಡುಬಿಸಿಲು, ರಸ್ತೆ ತುಂಬ ಜೀಪಿನ ಧೂಳು. ಪೋಸ್ಟರ್ ಅಂಟಿಸೋ ಹುಡುಗರಿಗೆ ಅಂಟು ಸಾಲುತ್ತಿಲ್ಲ ಅಂತ ನಮ್ಮ ಅಂಗಳಕ್ಕೇ ಹಂಡೆ ತಂದಿಟ್ಟರು. ನಾನೂ ಸ್ಕೂಲಿನಿಂದ ಬಂದವಳೇ ಕೋಲು ಹಿಡಿದು ತಿರುವುತ್ತಾ ನಿಲ್ಲುತ್ತಿದ್ದೆ. ಬೇಗ ಮುಗಿಯಲಿ, ಬೇಗ ಗೆಲ್ಲಲಿ, ವಾರಕ್ಕೆ ಹಾಸಿಗೆ ಬರಲಿ. ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೇ. ದೇವರಾಣೆಗೂ ಅಷ್ಟು ಶ್ರದ್ಧೆಯಿಂದ ನಾನು ಯಾವ ಪಾಯಸವನ್ನೂ ತಿರುವಿಲ್ಲ.

ಮೈಕಿನ ಕಥೆ ನನಗೆ ಆಮೇಲೆ ಗೊತ್ತಾಯಿತು. ಊರೊಳಗೆ ಸರಿ, ಹಳ್ಳಿ ಕಡೆ ಹೋದರೆ ಬ್ಯಾಟರಿ ಕೈಕೊಡೋದು. ಜನ ಸೇರಿಬಿಟ್ಟಿರೋರು. ಆಗ ಇವರು ಜೀಪಿನ ಬಾನೆಟ್ಟಿನ ಮೇಲೆ ನಿಂತು ಬರೀ ಗಂಟಲಿನಲ್ಲಿ ಕೂಗೋರು. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕಾಗಿತ್ತಲ್ಲ, ಜೀಪು ಅದಕ್ಕಿಂತ ಮುಂಚೆ ಬಂದು ಹಾರ್ನ್ ಹೊಡೆಯೋದು. "ಸಾಯಂಕಾಲ ಹೋಗ್ತೀನಿ" ಅನ್ನೋರು. ಬರೋ ಹೊತ್ತಿಗೆ ಆಸ್ಪತ್ರೆ ಮುಚ್ಚಿರೋದು. ನಾನು ಜೀಪಿನ ಡ್ರೈವರನ್ನ ಬೈದೆ, ಹುಡುಗರನ್ನ ಬೈದೆ, ಇವರನ್ನಂತೂ ಬೈಯದ ದಿನ ಇಲ್ಲ. "ಇನ್ನೇನು ಮುಗೀತಲ್ಲ ಕಣೆ" ಅಂತ ಒಂದೇ ಮಾತು.

ಓಟಿಗೆ ಮುಂಚಿನ ದಿನಗಳಲ್ಲಿ ಒಮ್ಮೆ ನಮ್ಮ ಬೀದಿಗೇ ಜೀಪು ಬಂತು. ನಾನು ಬಾಗಿಲಲ್ಲಿ ನಿಂತಿದ್ದೆ. ಮೈಕ್ ಇತ್ತು. ಆದರೆ ಅದರೊಳಗಿಂದ ಬಂದ ದನಿ ನನ್ನ ಗಂಡನದು ಅಂತ ನನಗೇ ಗುರುತು ಹತ್ತಲಿಲ್ಲ, ಒಡಕು ತಗಡು ಎಳೆದ ಹಾಗಿತ್ತು. "ಆಗೋದನ್ನ ಆಗುತ್ತೆ ಅಂತಾರೆ, ಆಗದ್ದನ್ನ ಆಗಲ್ಲ ಅಂತಾರೆ" ಅಂದರು. "ನೋಡೋಣ ಅಂತ ಮಾತ್ರ" ಅನ್ನೋ ಹೊತ್ತಿಗೆ ದನಿಯೇ ನಿಂತುಹೋಯಿತು. ಬಾಯಿ ಆಡುತ್ತಿತ್ತು, ಸದ್ದಿಲ್ಲ. ಜನ ತಮಾಷೆ ಅಂದುಕೊಂಡರು. ಬೀದಿಗೆ ಬೀದಿಯೇ ಒಟ್ಟಿಗೆ "ಅನ್ನಲ್ಲ, ನಮ್ಮ ಬೋರಣ್ಣ" ಅಂತ ಕೂಗಿ ಚಪ್ಪಾಳೆ ತಟ್ಟಿತು. ಪಕ್ಕದ ಮನೆಯಾಕೆ, "ಪಾಪ, ಪ್ರಚಾರ ಮಾಡಿ ಮಾಡಿ ಗಂಟ್ಲು ಹೋಗಿದೆ ಕಣ್ರೀ, ಒಂದಿಷ್ಟು ಮೆಣಸಿನ ಕಷಾಯ ಕೊಡಿ" ಅಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಬೋರೇಗೌಡ್ರು ಗೆದ್ದರು. ಹಾರ ಹಾಕಿದ ತೆರೆದ ಜೀಪಿನಲ್ಲಿ ಇವರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ಮೆರವಣಿಗೆ ಹೋದರು. ನಮ್ಮೆಜಮಾನ್ರು ನೆಟ್ಟಗೆ ನಿಂತದ್ದು ಅದೇ ಕೊನೆ. ಆಮೇಲೆ ಹಾಸಿಗೆ ಹಿಡಿದರು, ಮನೆಯ ಹಾಸಿಗೆ. ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಗಂಜಿ ನುಂಗೋಕೆ ಹೋದರೆ ಕಣ್ಣಲ್ಲಿ ನೀರು ಸುರಿಯೋದು. ಡಾಕ್ಟರು ಮನೆಗೇ ಬಂದು ಸೂಜಿ ಹಾಕಿದರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ತಪಸ್ಸುಕಾಲ ಶುರುವಾಗೋ ವಿಭೂತಿ ಬುಧವಾರ ಸ್ವಾಮಿಗಳು ಮನೆಗೆ ಬಂದು ಹಣೆಗೆ ಬೂದಿ ಇಟ್ಟರು. ಎಲೆಕ್ಷನ್ ಮುಗಿದು ವಾರ ಆಯಿತು, ಎರಡು ವಾರ ಆಯಿತು. "ಹಾಸಿಗೆ ಎಲ್ರೀ?" ಅಂದರೆ ಕೈ ಸನ್ನೆ ಮಾಡೋರು, ಬರುತ್ತೆ, ಬರುತ್ತೆ. ನಾನು ಕೃಷ್ಣಮೂರ್ತಿಪುರಂಗೆ ಹೋದಾಗೆಲ್ಲ ಸಾಹೇಬ್ರು ಬೆಂಗಳೂರಿನಲ್ಲಿರೋರು.

ಅವರು ಡೆಲ್ಲಿಗೆ ಹೊರಡೋ ದಿನ ಪಕ್ಕದ ಮನೆಯಾಕೆಯನ್ನ ಇವರ ಹತ್ತಿರ ಕೂರಿಸಿ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಮ್ಮಿನ ತುಂಬ ಹಾರ, ಬ್ಯಾಂಡು, ಜೈಕಾರ. ಹೆಂಗಸು ಅಂತ ಯಾರೋ ದಾರಿ ಬಿಟ್ಟರು. ನನ್ನನ್ನ ಕಂಡವರೇ ಸಾಹೇಬ್ರು ಬೋಗಿಯಿಂದ ಕೆಳಗಿಳಿದು ಬಂದು, ನೀರಿನ ನಲ್ಲಿ ಹತ್ತಿರ ಮರೆಯಲ್ಲಿ ನಿಂತರು.

"ಇನ್ನಾಸಿ ಹೆಂಗಿದ್ದಾನೆ?" ಅಂದರು.

"ಸಾಯ್ತಾ ಇದ್ದಾರೆ. ಹಾಸಿಗೆ ಎಲ್ಲಿ ಸಾಹೇಬ್ರೇ?"

ಅವರು ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಲೂರ್ದಮ್ಮ, ನೀನು ಬಂದ ದಿವ್ಸವೇ ಕೇಳ್ದೆ. ಆಗಲ್ಲ ಅಂದ್ರು. ನನ್ ಮಾತು ಅಲ್ಲಿ ನಡೆಯಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನೀನು ಅಳ್ತಾ ನಿಂತಿದ್ದೆ, ಆಗಲ್ಲ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ. ಅದ್ಕೇ ನೋಡೋಣ ಅಂದಿದ್ದು. ನೀನು ಮೈಸೂರ್ನೋಳು, ಅರ್ಥ ಮಾಡ್ಕೊಂಡಿರ್ತೀಯ ಅಂತ ತಿಳ್ಕೊಂಡೆ."

"ನಂಗೆ ಅರ್ಥ ಆಗಿತ್ತು. ಆದ್ರೆ ಮಾರನೇ ದಿನ ಇವರು ಬಂದು ಕೇಳಿದಾಗ ನೀವು ಆಗುತ್ತೆ ಅಂದಿರಲ್ಲ?"

ಸಾಹೇಬ್ರು ನನ್ನ ಮುಖವನ್ನೇ ನೋಡಿದರು. "ಇನ್ನಾಸಿ ನನ್ ಹತ್ರ ಬಂದೇ ಇಲ್ವಲ್ಲಮ್ಮ. ಹಾಸಿಗೆ ಮಾತು ಅವ್ನು ಒಂದ್ ದಿನಾನೂ ಎತ್ತಿಲ್ಲ. ನಾನೇ, ಮೈಯೆಂಗಿದೆ, ಕೂಗ್ತೀಯೇನೋ ಅಂದ್ರೆ, ಏನೂ ಇಲ್ಲ ಅಣ್ಣ, ಬರೀ ನೆಗಡಿ, ನಮ್ಮೋಳು ಸುಮ್ನೆ ಹೆದರ್ತಾಳೆ ಅಂದ."

ಗಾರ್ಡು ಸೀಟಿ ಊದಿದ. ಅವರು, "ಅಲ್ಲಿಂದ ಏನಾದ್ರೂ ಔಷ್ದಿ" ಅಂತ ಏನೋ ಹೇಳುತ್ತಾ ಹತ್ತಿದರು. ರೈಲು ಹೋಯಿತು. ಬ್ಯಾಂಡಿನವರು ಇನ್ನೂ ಬಾರಿಸುತ್ತಲೇ ಇದ್ದರು. ನಾನು ನಡೆದುಕೊಂಡೇ ಮನೆಗೆ ಬಂದೆ. ಬಂದವಳಿಗೆ ಕೇಳೋ ಧೈರ್ಯ ಬರಲಿಲ್ಲ. ಗಂಜಿ ಕುಡಿಸಿದೆ, ಮೈ ಒರೆಸಿದೆ, ಈಸ್ಟರಿಗೆ ವಾರ ಮುಂಚಿನ ಗರಿಗಳ ಭಾನುವಾರವೂ ಕಳೆಯಿತು.

ಶುಭ ಶುಕ್ರವಾರದ ದಿನ ತಡೆಯಲಾಗಲಿಲ್ಲ. ಚರ್ಚಿನಲ್ಲಿ ಶಿಲುಬೆಯ ಹಾದಿ ಶುರುವಾಗಿರುತ್ತೆ, ಆ ಸಲ ಓದೋರು ಬೇರೆ ಯಾರೋ. ಇವರು ಕಿಟಕಿ ಕಡೆಗೆ ಕಿವಿ ಕೊಟ್ಟುಕೊಂಡು ಮಲಗಿದ್ದರು. ಅಷ್ಟು ದೂರಕ್ಕೆ ಯಾರ ದನಿಯೂ ಕೇಳಿಸುತ್ತಿರಲಿಲ್ಲ. ನಾನು ಕೇಳಿಯೇಬಿಟ್ಟೆ. "ಅವತ್ತು ನೀವು ಕೃಷ್ಣಮೂರ್ತಿಪುರಂಗೆ ಹೋಗಿದ್ರಾ ಇಲ್ವಾ?"

ಅವರು ಹತ್ತಿರ ಬಾ ಅಂತ ಸನ್ನೆ ಮಾಡಿದರು. ಬಾಯಿಗೆ ಕಿವಿಯಿಟ್ಟೆ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು.

"ಗೇಟಿನ ತನಕ ಹೋದೆ. ಒಳಗೆ ಹೋಗ್ಲಿಲ್ಲ."

"ಯಾಕೆ?"

"ಕೇಳಿದ್ರೆ ನನ್ನ ಮುಂದೇನೂ ನೋಡೋಣ ಅಂದ್ಬುಡೋರು ಕಣೆ. ನೀನು ಹೇಳಿದ್ದು ಸುಳ್ಳಿರಬಹುದು ಅಂತಾದ್ರೂ ಇತ್ತು. ನನ್ನ ಕಿವಿಗೇ ಬಿದ್ಬುಟ್ಟಿದ್ರೆ? ಹತ್ತು ವರ್ಷ ಊರಿಗೆಲ್ಲ ನಾನು ಕೂಗಿದ್ದು ಸುಳ್ಳಾಯ್ತಿತ್ತು. ಆಮೇಲೆ ಯಾವ ಬಾಯಲ್ಲಿ ಕೂಗ್ಲಿ?"

ಸಾಯುತ್ತಿರೋ ಗಂಡನ ಮೇಲೆ ಕೈ ಎತ್ತಬಾರದು ಅಂತ ಗೊತ್ತಿತ್ತು. ಎತ್ತಲಿಲ್ಲ. ಅಂಗಳಕ್ಕೆ ಹೋಗಿ ಕೂತೆ. ಹಿಂದಿರುಗಿ ಬಂದು ಅವರ ತುಟಿ ಒದ್ದೆ ಮಾಡಿದೆ. ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಹೋದರು. ಮಣ್ಣಿಗೆ ಜನವೋ ಜನ. ಡೆಲ್ಲಿಯಿಂದ ಹೇಳಿಕಳಿಸಿದ್ದರಂತೆ, ಸಾಹೇಬ್ರ ತಮ್ಮ ಎತ್ತರಕ್ಕೆ ಒಂದು ಹಾರ ತಂದರು. ಎಂಥ ನಿಯತ್ತಿನ ಮನುಷ್ಯ, ಒಂದು ಸುಳ್ಳು ಕೂಗಲಿಲ್ಲ ಅಂತ ಎಲ್ಲರೂ ಹೇಳಿದರು. ಬೆಟ್ಟದ ಆಸ್ಪತ್ರೆಯ ಆ ಹಾಸಿಗೆಯಲ್ಲಿ ಮಲಗಿದ್ದ ಯಾರೋ ಒಬ್ಬರು ಗುಣವಾಗಿ ಮನೆಗೆ ಹೋದರು ಅಂತ ಮಳೆಗಾಲದ ಹೊತ್ತಿಗೆ ಸ್ವಾಮಿಗಳ ಬಾಯಲ್ಲಿ ಕೇಳಿದೆ.

ಬೋರೇಗೌಡ್ರ ಮೇಲೆ ಸಿಟ್ಟಿದೆಯಾ ಅಂತ ಇದನ್ನ ಓದಿದವರು ಕೇಳಬಹುದು. ಇತ್ತು, ಸವೆದುಹೋಯಿತು. ಊರಲ್ಲಿ ದೊಡ್ಡವರೆಲ್ಲ ಹೇಳೋ ಮಾತನ್ನ ಅವರೂ ಕಲಿತುಕೊಂಡು ಡೆಲ್ಲಿಗೆ ಹೋದರು, ಅಷ್ಟೇ. ಇವರ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ. ಎರಡು ಹೆಣ್ಣುಮಕ್ಕಳನ್ನ ನನ್ನ ಕೈಯಲ್ಲಿ ಬಿಟ್ಟು ಹೋದ ಮನುಷ್ಯನ ಮೇಲೆ ಹೋಗೋದೂ ಬೇಡ. ಊರಿನ ಮುಂದೆ ಸುಳ್ಳುಗಾರ ಆಗಬಾರದು ಅಂತ ಅವರು ಅವತ್ತು ಮಧ್ಯಾಹ್ನ ನಗುನಗುತ್ತಾ ಮನೆಗೆ ಬಂದು ನನಗೆ ಸುಳ್ಳು ಹೇಳಿದರು. ನಾನು ನಂಬಿದೆ.